ಅಂಧೇರಿಗೆ ಬಂದ ದುರ್ಗಪಾಲ

2018ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಮುಂಬೈ ಸಿಟಿ ಫುಟ್‌ಬಾಲ್ ಕ್ಲಬ್ಬಿನವರು ತಮ್ಮ ತಂಡದ ತರಬೇತಿಯ ಭಾರವನ್ನು ಯಾರಿಗೆ ಒಪ್ಪಿಸಿದರೋ ಆ ಜಾರ್ಜ್ ಕೋಸ್ತರು, ಯೂರೋಪಿನ ಕ್ಲಬ್ಬುಗಳಿಗೆ ಪರಮೋಚ್ಚವೆನಿಸಿದ ಪಾರಿತೋಷಕವನ್ನು ಗೆದ್ದ ತಂಡದ ನಾಯಕರಾಗಿ ತಲೆಯ ಮೇಲೆತ್ತಿ ಹಿಡಿದಿದ್ದವರು. ಹಾಗಿದ್ದೂ ಅವರ ಹೆಸರು ನಮ್ಮ ದೇಶದ ಸಾಮಾನ್ಯ ಕ್ರೀಡಾಪ್ರೇಮಿಗೆ ಅಷ್ಟಾಗಿ ಪರಿಚಿತವಾಗಿರಲಿಲ್ಲವೆಂದರೆ, ಅದಕ್ಕೆ ಕಾರಣ ಅವರು ಮೈದಾನದಲ್ಲಿ ನಿಂತಿದ್ದ ಸ್ಥಾನವೇ ಹೊರತು ಯೋಗ್ಯತೆಯ ಕೊರತೆಯಲ್ಲ. ಗೋಲು ಹೊಡೆದವನ ಹೆಸರನ್ನು ಮರುದಿನದ ಪತ್ರಿಕೆ ದಪ್ಪಕ್ಷರಗಳಲ್ಲಿ ಅಚ್ಚುಹಾಕುತ್ತದೆ. ಆಗಲಿದ್ದ ಗೋಲನ್ನು ಆಗಗೊಡದೆ ತಡೆದವನ ಹೆಸರಿಗೆ ಅಲ್ಲಿ ಸ್ಥಳವಿಲ್ಲ, ಏಕೆಂದರೆ ಅವನು ಮಾಡಿದ ಕೆಲಸದ ಗುರುತು ಲೆಕ್ಕದ ಪುಸ್ತಕದಲ್ಲಿ ಶೂನ್ಯವಾಗಿಯೇ ಉಳಿಯುತ್ತದೆ. ಮಂಗಳೂರು ಸೀಮೆಯ ಕ್ರೈಸ್ತ ಮನೆತನಗಳಲ್ಲಿ ನಮಗೆ ಬಳಕೆಯಾಗಿರುವ ಉಪನಾಮವನ್ನೇ ಧರಿಸಿದ್ದ ಈ ಪೋರ್ಚುಗೀಸ್ ಆಟಗಾರರ ಜೀವಿತವನ್ನು, ಅದರಲ್ಲಿಯೂ ಮುಂಬೈಯಲ್ಲಿ ಅವರು ಕಳೆದ ಎರಡು ಋತುಗಳನ್ನು, ಸಾವಧಾನವಾಗಿ ಅವಲೋಕಿಸುವುದು ಈ ಲೇಖನದ ಉದ್ದೇಶ.

ಮುಂಬೈ ಸಿಟಿ ಎಂಬುದು 2014ರಲ್ಲಿ ಇಂಡಿಯನ್ ಸೂಪರ್ ಲೀಗಿನೊಡನೆಯೇ ಜನ್ಮ ತಾಳಿದ ಸಂಸ್ಥೆ. ಅದರ ಪ್ರಥಮ ತರಬೇತುದಾರರಾದ ಇಂಗ್ಲೆಂಡಿನ ಪೀಟರ್ ರೀಡ್ ಮಧ್ಯಪಂಕ್ತಿಯ ಆಟಗಾರರು. ಅವರ ತರುವಾಯ ಬಂದ ಫ್ರಾನ್ಸಿನ ನಿಕೊಲಾ ಅನೆಲ್ಕಾ ಗೋಲು ಹೊಡೆಯುವುದನ್ನೇ ವೃತ್ತಿಯಾಗಿಸಿಕೊಂಡಿದ್ದವರು. ಮೂರನೆಯವರಾದ ಕೋಸ್ಟರಿಕಾದ ಅಲೆಕ್ಸಾಂಡರ್ ಗಿಮರಾಯೆಸ್ ಪುನಃ ಮಧ್ಯಪಂಕ್ತಿಯವರೇ. ಗೋಲಿನ ಮುಂದೆ ನಿಂತು ಆಟವನ್ನು ಕಲಿತವರೊಬ್ಬರು ಆ ತಂಡಕ್ಕೆ ಗುರುವಾಗಿ ದೊರೆತದ್ದು ಕೋಸ್ತರಲ್ಲಿಯೇ ಮೊದಲು.

ಆದರೆ ಮುಂಬೈ ನಗರಕ್ಕೆ ಅದು ಮೊದಲ ಅನುಭವವಾಗಿರಲಿಲ್ಲ. ಗೋವೆಯ ಡೆರಿಕ್ ಪೆರೇರಾ ಎಂಬ ಸಮರ್ಥ ರಕ್ಷಕರು, ಭಾರತದ ಪರವಾಗಿಯೂ ಆಡಿ ನಿವೃತ್ತರಾದ ಮೇಲೆ, ಮುಂಬೈಯ ಮಹೀಂದ್ರಾ ಯುನೈಟೆಡ್ ತಂಡವನ್ನು ತಿದ್ದಿ ತೀಡಿ 2005–06ರ ನ್ಯಾಷನಲ್ ಫುಟ್‌ಬಾಲ್ ಲೀಗನ್ನು ಗೆಲ್ಲಿಸಿಕೊಟ್ಟಿದ್ದರು. ಆ ಲೀಗಿನ ಕಿರೀಟ ಕಲ್ಕತ್ತೆ, ಗೋವೆ, ಪಂಜಾಬುಗಳನ್ನು ಬಿಟ್ಟು ಈ ಮಹಾನಗರಕ್ಕೆ ಬಂದದ್ದು ಆಗಲೇ. 2010ರಲ್ಲಿ ಆ ತಂಡವನ್ನೇ ಮುಚ್ಚಿಬಿಟ್ಟದ್ದು ಮುಂಬೈಯ ಕ್ರೀಡಾಜೀವನಕ್ಕೆ ಒದಗಿದ ದೊಡ್ಡ ನಷ್ಟವೆಂದೇ ನಾನು ಭಾವಿಸಿದ್ದೇನೆ. ಇನ್ನೂ ಹಿಂದಕ್ಕೆ ಸರಿದರೆ, 1891ರಲ್ಲಿ ಈ ನಗರದಲ್ಲಿ ಆರಂಭವಾದ ರೋವರ್ಸ್ ಕಪ್ಪನ್ನು ಗೋರಾ ಸೈನಿಕರ ಪಲ್ಟನ್ನುಗಳಿಂದ ಮೊಟ್ಟಮೊದಲು ಕಸಿದುಕೊಂಡ ಭಾರತೀಯ ತಂಡ 1937ರ ಬೆಂಗಳೂರ್ ಮುಸ್ಲಿಮ್ಸ್ ಎಂಬುದನ್ನೂ, ಅವರು ಮರುವರ್ಷವೂ ಅದನ್ನು ತಮ್ಮಲ್ಲಿಯೇ ಉಳಿಸಿಕೊಂಡು 1948ರಲ್ಲಿ ಮತ್ತೊಮ್ಮೆ ಗೆದ್ದರೆಂಬುದನ್ನೂ ಕನ್ನಡಿಗರಾದ ನಾವು ಮರೆಯತಕ್ಕದ್ದಲ್ಲ. ಕ್ರಿಕೆಟ್ಟಿನ ರಾಜಧಾನಿಯೆನಿಸಿದ ಮುಂಬೈಯಲ್ಲಿ ಫುಟ್‌ಬಾಲಿಗೂ ಒಂದು ಪ್ರಾಚೀನವಾದ ವಂಶಾವಳಿಯಿದೆ. ಆ ವಂಶಾವಳಿಯಲ್ಲಿ ನಮ್ಮ ನಾಡಿನ ಹೆಸರೂ ಸೇರಿದೆ.

ರಕ್ಷಕನ ವಿದ್ಯೆಯೆಂದರೇನೆಂಬುದನ್ನು ಇಲ್ಲಿ ಕೊಂಚ ಬಿಡಿಸಿ ಹೇಳದಿದ್ದರೆ ಮುಂದಿನ ಕಥೆ ಅರ್ಥವಾಗಲಾರದು. ನಮ್ಮಲ್ಲಿ ಹಳೆಯ ಆಟಗಾರರು ಸ್ಟಾಪರ್ ಎಂದು ಕರೆಯುವ ನಡು ರಕ್ಷಕನು ಗೋಲಿನ ಮುಂದೆ, ತನ್ನ ಜೊತೆಗಾರನೊಬ್ಬನನ್ನು ಪಕ್ಕದಲ್ಲಿರಿಸಿಕೊಂಡು, ಇಬ್ಬರು ಪಾರ್ಶ್ವರಕ್ಷಕರನ್ನು ಎಡಬಲಗಳಲ್ಲಿರಿಸಿಕೊಂಡು ನಿಲ್ಲುತ್ತಾನೆ. ಮೈದಾನದ ಅಂಚಿನಿಂದ ಎದುರಾಳಿಯೊಬ್ಬನು ಚೆಂಡನ್ನು ಎತ್ತರಕ್ಕೆ ಒದೆದು ಗೋಲಿನ ಮುಂಭಾಗಕ್ಕೆ ಕಳುಹಿಸುತ್ತಿದ್ದಾನೆಂದು ಭಾವಿಸಿಕೊಳ್ಳಿ. ಆ ಕ್ಷಣದಲ್ಲಿ ಸ್ಟಾಪರನು ಏಕಕಾಲಕ್ಕೆ ಎರಡು ವಸ್ತುಗಳನ್ನು ಕಾಣಬೇಕು: ಗಾಳಿಯಲ್ಲಿ ಬಾಗಿ ಬರುತ್ತಿರುವ ಚೆಂಡನ್ನು, ಮತ್ತು ತನ್ನ ಬೆನ್ನ ಹಿಂದೆ ಸದ್ದಿಲ್ಲದೆ ಜಾರುತ್ತಿರುವ ಮುಂಚೂಣಿಯವನನ್ನು. ಚೆಂಡನ್ನೇ ನೋಡಿದರೆ ಮನುಷ್ಯನು ತಪ್ಪಿಹೋಗುತ್ತಾನೆ. ಮನುಷ್ಯನನ್ನೇ ನೋಡಿದರೆ ಚೆಂಡು ತಲೆಯ ಮೇಲೆ ಹಾರಿಹೋಗುತ್ತದೆ. ಆದಕಾರಣ ಅವನು ಗೋಲಿಗೆ ನೇರವಾಗಿ ಬೆನ್ನು ಮಾಡದೆ, ಚೆಂಡಿಗೆ ಪೂರ್ತಿಯಾಗಿ ಮುಖವನ್ನೂ ಮಾಡದೆ, ದೇಹವನ್ನು ಓರೆಯಾಗಿಸಿ, ಮೊಣಕಾಲುಗಳನ್ನು ಸಡಿಲಗೊಳಿಸಿ, ಒಂದು ಕೈಯ ಹಿಂಬದಿಯಿಂದ ಎದುರಾಳಿಯ ಮೈಯನ್ನು ತಾಕಿಯೂ ತಾಕದಂತೆ ಮುಟ್ಟಿ ಅವನಿರುವ ಜಾಗವನ್ನು ತಿಳಿಯುತ್ತ, ಹೆಗಲ ಮೇಲಿಂದ ಮತ್ತೆ ಮತ್ತೆ ಹಿಂದಿರುಗಿ ನೋಡುತ್ತ, ಅರ್ಧ ಹೆಜ್ಜೆ ಮೊದಲೇ ನೆಗೆಯುವ ಸಿದ್ಧತೆಯಲ್ಲಿರುತ್ತಾನೆ. ಇದರೊಡನೆ ಆಫ್‌ಸೈಡ್ ನಿಯಮದ ಲಾಭವನ್ನು ಪಡೆಯಬೇಕಾದರೆ ನಾಲ್ವರು ರಕ್ಷಕರೂ ಒಂದೇ ಗೆರೆಯಲ್ಲಿ ಮುಂದೆ ಸರಿಯಬೇಕು. ಚೆಂಡನ್ನು ಒದೆಯುವ ಮುಹೂರ್ತದಲ್ಲಿ ಎದುರಾಳಿಯು ಆ ಗೆರೆಯನ್ನು ದಾಟಿ ಗೋಲಿಗೆ ಸಮೀಪವಾಗಿದ್ದರೆ ಅವನ ಶ್ರಮವೆಲ್ಲ ವ್ಯರ್ಥ, ಆದರೆ ನಾಲ್ವರಲ್ಲಿ ಒಬ್ಬನು ಒಂದು ಗಜ ಹಿಂದುಳಿದರೂ ಇಡೀ ಕೋಟೆಗೆ ಬಿರುಕು. ಗೆರೆಯನ್ನು ಮುಂದಕ್ಕೊಯ್ಯುವ ಆಜ್ಞೆಯನ್ನು ಕೊಡುವವನು ಸ್ಟಾಪರನೇ. ಇಡೀ ಮೈದಾನ ಅವನ ಕಣ್ಣೆದುರಿಗೆ ಹರಡಿಕೊಂಡಿರುತ್ತದೆ. ತೊಂಬತ್ತು ನಿಮಿಷವೂ ಅವನು ಕೂಗಿ ಹೇಳುತ್ತಲೇ ಇರುತ್ತಾನೆ. ತರಬೇತುದಾರನು ಗೆರೆಯಾಚೆ ನಿಂತು ಮಾಡುವ ಕಾರ್ಯದ ಬಹುಭಾಗವನ್ನು ಅವನು ಗೆರೆಯೊಳಗೇ ನಿಂತು ಮಾಡುತ್ತಿರುತ್ತಾನೆಂದರೆ ಅತಿಶಯೋಕ್ತಿಯಲ್ಲ.

ಕೋಸ್ತರು ಈ ವಿದ್ಯೆಯನ್ನು ಅಭ್ಯಸಿಸಿದ್ದು ತಮ್ಮ ಜನ್ಮಭೂಮಿಯಾದ ಪೋರ್ಟೊ ನಗರದಲ್ಲಿ. 1971ರ ಅಕ್ಟೋಬರ್ 14ರಂದು ಹುಟ್ಟಿದ ಅವರು, ಆ ನಗರದ ಹೆಸರನ್ನೇ ಹೊತ್ತ ಕ್ಲಬ್ಬಿನ ಕಿರಿಯರ ವಿಭಾಗದಲ್ಲಿ ಬೆಳೆದು, 1991ರಲ್ಲಿ ಲಿಸ್ಬನ್ನಿನಲ್ಲಿ ನಡೆದ ಯುವಕರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ, ಲಕ್ಷಕ್ಕೂ ಮಿಕ್ಕ ಜನಸ್ತೋಮದೆದುರು ಬ್ರೆಜಿಲನ್ನು ಪೆನಾಲ್ಟಿ ಒದೆತಗಳಿಂದ ಮಣಿಸಿದ ಪೋರ್ಚುಗಲ್ ತಂಡದಲ್ಲಿದ್ದರು. ಲೂಯಿಸ್ ಫಿಗೊ, ರೂಯಿ ಕೋಸ್ತಾ ಮೊದಲಾದವರನ್ನೊಳಗೊಂಡ ಆ ಪೀಳಿಗೆಯನ್ನು ಅವರ ದೇಶದವರು ಸುವರ್ಣ ಪೀಳಿಗೆಯೆಂದು ಕೊಂಡಾಡಿದರು. ಕೊಂಡಾಟದಲ್ಲಿ ಸಿಂಹಪಾಲು ಮುಂದಿನ ಸಾಲಿನವರಿಗೆ ಸಂದಿತು. ದೇಶದ ಪರವಾಗಿ 50 ಪಂದ್ಯಗಳನ್ನಾಡಿದ ಕೋಸ್ತರಿಗೆ 2002ರ ವಿಶ್ವಕಪ್ಪು ಕಹಿಯನ್ನೇ ಉಣಿಸಿತು. ಅಮೆರಿಕದೊಡನೆ 2–3ರಿಂದ ಸೋತ ಪಂದ್ಯದಲ್ಲಿ, ಪಕ್ಕದಿಂದ ಬಂದ ಚೆಂಡು ಅವರ ಮೈಗೇ ತಗುಲಿ ಸ್ವಂತ ಗೋಲಿನೊಳಕ್ಕೆ ಹೊಕ್ಕಿತು. ರಕ್ಷಕನ ಪಾಲಿಗೆ ಇರುವ ಕ್ರೌರ್ಯವಿದು: ವರ್ಷಗಟ್ಟಲೆ ತಡೆದ ನೂರಾರು ಚೆಂಡುಗಳಿಗೆ ಲೆಕ್ಕವಿಲ್ಲ, ಒಂದು ಚೆಂಡು ದಿಕ್ಕು ತಪ್ಪಿದರೆ ಅವನ ಹೆಸರು ಗೋಲಿನ ಪಟ್ಟಿಯಲ್ಲಿ ಶಾಶ್ವತವಾಗಿ ಉಳಿಯುತ್ತದೆ.

ಸ್ವಭಾವತಃ ಅವರು ಮೃದುವಾದ ಮನುಷ್ಯರೇನೂ ಆಗಿರಲಿಲ್ಲ. ಅಭಿಮಾನಿಗಳು ಅವರಿಗೆ ಕಾಡುಮೃಗದ ಹೆಸರನ್ನಿಟ್ಟು ಪ್ರೀತಿಯಿಂದ ಕರೆಯುತ್ತಿದ್ದರು. 2001ರಲ್ಲಿ, ಪಂದ್ಯದ ನಡುವೆ ತಮ್ಮನ್ನು ಹೊರಗೆ ಕರೆಸಿಕೊಂಡ ತರಬೇತುದಾರ ಒಕ್ತಾವಿಯೊ ಮಚಾಡೊರವರ ಮೇಲಿನ ಸಿಟ್ಟಿನಿಂದ ನಾಯಕನ ತೋಳಪಟ್ಟಿಯನ್ನೇ ಕಿತ್ತೆಸೆದು, ಅದರ ಫಲವಾಗಿ ಇಂಗ್ಲೆಂಡಿನ ಚಾರ್ಲ್‌ಟನ್ ತಂಡಕ್ಕೆ ಎರವಲು ಆಟಗಾರನಾಗಿ ಹೋಗಬೇಕಾಯಿತು. ಅವರ ದುಡುಕನ್ನು ಸಮರ್ಥಿಸಲು ನಾನು ಸಿದ್ಧನಿಲ್ಲ. ಆದರೆ ಪೋರ್ಟೊ ತಂಡಕ್ಕೆ 2002ರ ಜನವರಿಯಲ್ಲಿ ಬಂದ ಹೊಸ ಗುರು ಜೋಸೆ ಮೊರಿನೊ ಮಾಡಿದ ಕೆಲಸಗಳಲ್ಲಿ ಈ ಬಹಿಷ್ಕೃತ ನಾಯಕನನ್ನು ಮರಳಿ ಕರೆಸಿ ಅದೇ ತೋಳಪಟ್ಟಿಯನ್ನು ಕಟ್ಟಿದ್ದೂ ಒಂದು, ಮತ್ತು ಅದಕ್ಕಿಂತ ವಿವೇಕದ ಕೆಲಸವನ್ನು ಅವರು ಅಲ್ಲಿ ಮಾಡಿದಂತೆ ನನಗೆ ಕಾಣುವುದಿಲ್ಲ. 2003ರಲ್ಲಿ ಸೆವಿಲ್ಲೆಯಲ್ಲಿ ಸೆಲ್ಟಿಕ್ ತಂಡವನ್ನು 3–2ರಿಂದ ಸೋಲಿಸಿ ಯುಇಎಫ್ಎ ಕಪ್ಪು, 2004ರ ಮೇ 26ರಂದು ಜರ್ಮನಿಯ ಗೆಲ್ಸೆನ್‌ಕಿರ್ಶೆನ್ನಿನಲ್ಲಿ ಮೊನಾಕೊ ತಂಡವನ್ನು 3–0ಯಿಂದ ಸೋಲಿಸಿ ಚಾಂಪಿಯನ್ಸ್ ಲೀಗು: ಪೋರ್ಟೊವಿನಂಥ, ಧನಬಲದಲ್ಲಿ ದೊಡ್ಡವರ ಸಮಕ್ಕೆ ನಿಲ್ಲಲಾಗದ ಕ್ಲಬ್ಬಿಗೆ ಇವು ಅಸಾಧಾರಣವಾದ ಸಿದ್ಧಿಗಳು. ಪಕ್ಕದಲ್ಲಿ ರಿಕಾರ್ಡೊ ಕರ್ವಾಲೊ, ಬೆನ್ನಿಗೆ ಗೋಲ್‌ಕೀಪರ್ ವಿಟೋರ್ ಬಾಯಿಯಾ, ನಡುವೆ ನಾಯಕ ಕೋಸ್ತ: ಆ ಕೋಟೆಯನ್ನು ಭೇದಿಸುವುದು ಯಾರಿಗೂ ಸುಲಭಸಾಧ್ಯವಾಗಿರಲಿಲ್ಲ. ಎಂಟು ಬಾರಿ ಪೋರ್ಚುಗಲ್ಲಿನ ಲೀಗನ್ನು ಗೆದ್ದು, ಕಡೆಯ ದಿನಗಳನ್ನು ಬೆಲ್ಜಿಯಮ್ಮಿನ ಸ್ಟಾಂಡರ್ಡ್ ಲಿಯೇಜ್ ತಂಡದಲ್ಲಿ ಕಳೆದು, 2006ರಲ್ಲಿ ಅವರು ಬೂಟುಗಳನ್ನು ಕಳಚಿಟ್ಟರು.

ಅಲ್ಲಿಂದಾಚೆಗೆ ಅವರ ಬದುಕು ಪರಿವ್ರಾಜಕನದು. ಬ್ರಾಗಾದಲ್ಲಿ ತರಬೇತುದಾರರಾಗಿ ಮೊದಲ ಪಾಠ, ಒಲ್ಯಾನೆನ್ಸೆಯಲ್ಲಿ ಮೊದಲ ಯಶಸ್ಸು. ಕೆಳಗಿನ ದರ್ಜೆಯಲ್ಲಿ ದಶಕಗಳ ಕಾಲ ಉಳಿದುಹೋಗಿದ್ದ ಆ ದಕ್ಷಿಣದ ಚಿಕ್ಕ ತಂಡವನ್ನು 2009ರಲ್ಲಿ ಅಗ್ರಶ್ರೇಣಿಗೆ ಏರಿಸಿದರು. ಅನಂತರ ಕೊಯಿಂಬ್ರಾದ ಅಕಾಡೆಮಿಕಾ, ರೊಮೇನಿಯಾದ ಕ್ಲುಜ್, ಸೈಪ್ರಸ್, ಆಫ್ರಿಕದ ಗಬೋನ್ ರಾಷ್ಟ್ರತಂಡ, ಟ್ಯುನೀಸಿಯಾ, ಫ್ರಾನ್ಸು. ಗಬೋನನ್ನು 2015ರ ಆಫ್ರಿಕಾ ಕಪ್ಪಿಗೆ ಕರೆದೊಯ್ದರಾದರೂ ಗುಂಪಿನ ಹಂತವನ್ನು ದಾಟಿಸಲಾಗಲಿಲ್ಲ. ಎಲ್ಲಿಯೂ ಬಹುಕಾಲ ನೆಲೆ ನಿಲ್ಲಲಿಲ್ಲವೆಂಬುದನ್ನು ಕೆಲವರು ಅವರ ದೋಷವೆಂದು ಎಣಿಸಬಹುದು; ಆದರೆ ಈ ವೃತ್ತಿಯ ಸ್ವರೂಪವೇ ಅಂಥದು. ನಾಲ್ಕು ಪಂದ್ಯ ಸೋತರೆ ಮೊದಲು ಹೊರಡಬೇಕಾದವನು ತರಬೇತುದಾರ. ಆಟಗಾರರನ್ನು ನಡುವರ್ಷದಲ್ಲಿ ಬದಲಿಸುವುದು ಕಷ್ಟ, ಒಬ್ಬ ಗುರುವನ್ನು ಬದಲಿಸುವುದು ಸುಲಭ.

ಹೀಗೆ ಅಲೆದು ಬಂದವರಿಗೆ ಅಂಧೇರಿಯಲ್ಲಿ ಒಂದು ಮೈದಾನ ದೊರೆಯಿತು. ಪಶ್ಚಿಮ ಅಂಧೇರಿಯ ವೀರಾ ದೇಸಾಯಿ ರಸ್ತೆಯಲ್ಲಿ, ಆಜಾದ್ ನಗರದ ಮೆಟ್ರೋ ನಿಲ್ದಾಣಕ್ಕೆ ಕಾಲ್ನಡಿಗೆಯಷ್ಟೇ ದೂರವಿರುವ ಶಹಾಜಿರಾಜೇ ಭೋಸಲೆ ಕ್ರೀಡಾ ಸಂಕುಲದೊಳಗಿನ ಮುಂಬೈ ಫುಟ್‌ಬಾಲ್ ಅರೇನಾ ಎಂಬುದು, ಪೋರ್ಟೊವಿನ ವಿಶಾಲ ಕ್ರೀಡಾಂಗಣವನ್ನು ಕಂಡವರ ಕಣ್ಣಿಗೆ ಅಂಗಳದಷ್ಟೇ ಚಿಕ್ಕದು. ಆದರೆ ಆ ಚಿಕ್ಕತನವೇ ಅದರ ಗುಣ. ಪ್ರೇಕ್ಷಕನು ಆಟಗಾರರಿಗೆ ಅಷ್ಟು ಸಮೀಪದಲ್ಲಿ ಕುಳಿತಿರುತ್ತಾನಾದ್ದರಿಂದ, ರಕ್ಷಕರು ಪರಸ್ಪರ ಕೂಗಿಕೊಳ್ಳುವುದೂ, ಗೆರೆಯಾಚೆಯಿಂದ ತರಬೇತುದಾರನು ಕೈಬೀಸಿ ಪಂಕ್ತಿಯನ್ನು ಮುಂದೆ ನೂಕುವುದೂ ಅಲ್ಲಿ ಚೆನ್ನಾಗಿ ತಿಳಿಯುತ್ತದೆ. ದೂರದರ್ಶನದ ತೆರೆ ಚೆಂಡಿನ ಹಿಂದೆಯೇ ಓಡುವುದರಿಂದ ಈ ಸಂಗತಿ ಅದರಲ್ಲಿ ಕಾಣಸಿಗುವುದಿಲ್ಲ.

ಆರಂಭ ಆಶಾದಾಯಕವಾಗಿರಲಿಲ್ಲ. 2018ರ ಅಕ್ಟೋಬರ್ 2ರಂದು ತಮ್ಮದೇ ಮೈದಾನದಲ್ಲಿ ಜಮ್ಶೆಡ್‌ಪುರಕ್ಕೆ 0–2ರಿಂದ ಸೋಲು. ಅದೇ ತಿಂಗಳ ಉತ್ತರಾರ್ಧದಲ್ಲಿ ಗೋವೆಯ ಫತೋರ್ಡಾದಲ್ಲಿ ಐದು ಗೋಲುಗಳ ಪರಾಭವ. ರಕ್ಷಣೆಯನ್ನು ಕಲಿಸಲೆಂದು ಬಂದವರ ತಂಡಕ್ಕೆ ಐದು ಗೋಲು! ಬೇರೆ ಯಾರಾದರೂ ಆಗಿದ್ದರೆ ಇಡೀ ವ್ಯವಸ್ಥೆಯನ್ನೇ ಕಿತ್ತುಹಾಕುತ್ತಿದ್ದರೋ ಏನೋ. ಕೋಸ್ತರು ತಮ್ಮ ನಂಬಿಕೆಯನ್ನು ಬಿಡಲಿಲ್ಲ. ಹಿಂದಿನ ಸಾಲನ್ನು ಬಿಗಿಮಾಡುವುದು, ಚೆಂಡು ಕೈಗೆ ಸಿಕ್ಕೊಡನೆ ನಾಲ್ಕಾರು ಹೆಜ್ಜೆಗಳಲ್ಲಿ ಎದುರಾಳಿಯ ಖಾಲಿಬಿದ್ದ ಬಯಲಿಗೆ ನುಗ್ಗುವುದು: ಇಷ್ಟೇ ಅವರ ಸೂತ್ರ. ಇದಕ್ಕೆ ಬೇಕಾದ ವೇಗವನ್ನು ಒದಗಿಸಿದವರು ಸೆನೆಗಲ್ಲಿನ ಮೊದು ಸುಗು. ಕೊಯಿಂಬ್ರಾದಲ್ಲಿ ಕೋಸ್ತರ ಕೈಕೆಳಗೆ ಆಡಿದ್ದ ಹಳೆಯ ಶಿಷ್ಯ. ಪೋರ್ಟೊ ಕ್ಲಬ್ಬಿನ ಕಿರಿಯರ ವಿಭಾಗದಲ್ಲಿಯೇ ಬೆಳೆದ ಪಾವ್ಲೊ ಮಚಾಡೊ ನಡುವಿನಲ್ಲಿ ಆಟದ ಗತಿಯನ್ನು ನಿಯಂತ್ರಿಸಿದರು. ಬಲ ಪಾರ್ಶ್ವರಕ್ಷಕರಾಗಿದ್ದ ಕಾಂಗೋ ಮೂಲದ ಅರ್ನಾಲ್ಡ್ ಇಸೋಕೊರನ್ನು ಕೋಸ್ತರು ಅದೇ ಪಾರ್ಶ್ವದ ಮುಂಚೂಣಿಗೆ ತಂದು ನಿಲ್ಲಿಸಿದ್ದು ನನ್ನ ಎಣಿಕೆಯಲ್ಲಿ ಅವರ ಮುಂಬೈ ವಾಸದ ಅತ್ಯಂತ ಸೂಕ್ಷ್ಮವಾದ ನಿರ್ಧಾರ. ರಕ್ಷಕನಾಗಿದ್ದವನಿಗೆ ರಕ್ಷಕನ ಭಯ ಯಾವುದೆಂಬುದು ಗೊತ್ತಿರುತ್ತದೆ, ಅವನು ಎದುರಾಳಿಯ ರಕ್ಷಕನನ್ನು ಎಲ್ಲಿ ಹಿಡಿಯಬೇಕೆಂಬುದನ್ನು ಬೇರೆಯವರಿಂದ ಕಲಿಯಬೇಕಾಗಿಲ್ಲ. ಆ ವರ್ಷದ ಡಿಸೆಂಬರ್ 16ರಂದು ಅಂಧೇರಿಯಲ್ಲಿ ಕೇರಳ ಬ್ಲಾಸ್ಟರ್ಸ್ ತಂಡವನ್ನು ಮುಂಬೈ 6–1ರಿಂದ ಧೂಳೀಪಟಗೊಳಿಸಿತು. ಸುಗು ಒಬ್ಬರೇ ನಾಲ್ಕು ಗೋಲು ಹೊಡೆದರು.

ಬೆಂಗಳೂರು ಎಫ್‌ಸಿಯಿಂದ ಅದೇ ವರ್ಷ ಮುಂಬೈಗೆ ಬಂದಿದ್ದ ಬಂಗಾಳದ ತರುಣ ಸುಭಾಶಿಷ್ ಬೋಸರ ವಿಷಯವನ್ನು ಇಲ್ಲಿ ಹೇಳಲೇಬೇಕು. ಎಡ ಪಾರ್ಶ್ವದಲ್ಲಿಯೂ ನಡುವಿನಲ್ಲಿಯೂ ನಿಲ್ಲಬಲ್ಲ ಈ ರಕ್ಷಕರು ಕೋಸ್ತರ ಎರಡು ಋತುಗಳಲ್ಲಿಯೂ ಅವರ ಕೈಕೆಳಗೆ ಪಳಗಿದರು. ಮುಂದೆ ಕಲ್ಕತ್ತೆಯ ಮೋಹನ್ ಬಾಗಾನಿಗೆ ನಾಯಕರಾಗಿ ಲೀಗನ್ನು ಗೆಲ್ಲಿಸಿದ ಸುಭಾಶಿಷರ ಸ್ಥೈರ್ಯದಲ್ಲಿ ಆ ಶಿಕ್ಷಣದ ಪಾಲು ಎಷ್ಟೆಂದು ತೂಗಿ ಹೇಳುವುದು ಸಾಧ್ಯವಲ್ಲ, ಆದರೆ ಯೂರೋಪಿನ ಕಪ್ಪನ್ನು ಎತ್ತಿದ ಸ್ಟಾಪರನೊಬ್ಬನ ಸನ್ನಿಧಿಯಲ್ಲಿ ದಿನನಿತ್ಯ ಅಭ್ಯಾಸ ಮಾಡುವ ಭಾಗ್ಯ ಭಾರತೀಯ ರಕ್ಷಕರಿಗೆ ಹೇರಳವಾಗಿ ದೊರೆಯತಕ್ಕದ್ದಲ್ಲ.

ಲೀಗಿನ ಅಂತ್ಯಕ್ಕೆ ಮುಂಬೈ 30 ಅಂಕಗಳೊಡನೆ ಮೂರನೆಯ ಸ್ಥಾನದಲ್ಲಿದ್ದು, ಉಪಾಂತ್ಯದಲ್ಲಿ ಪುನಃ ಗೋವೆಯನ್ನೇ ಎದುರಿಸಿತು. 2019ರ ಮಾರ್ಚ್ 9ರ ಆ ಸಂಜೆ ಅಂಧೇರಿಯಲ್ಲಿ ಬ್ರೆಜಿಲಿನ ರಾಫೆಲ್ ಬಾಸ್ತೋಸ್ ಮೊದಲ ಗೋಲನ್ನು ಹೊಡೆದಾಗ ಗೆಲುವು ಕೈಗೆಟುಕಿದಂತೆಯೇ ಕಂಡಿತು. ಆದರೆ ಗೋವೆಯವರು ಒಂದಾದ ಮೇಲೊಂದರಂತೆ ಐದನ್ನು ಹೊಡೆದರು, ಅವುಗಳಲ್ಲಿ ಎರಡು ಅವರ ಸ್ಟಾಪರ್ ಮುರ್ತಡಾ ಫಾಲ್ ಅವರದು. ತಾನು ತಡೆಯಬೇಕಾದ ಬಗೆಯ ಗೋಲನ್ನೇ ಎದುರಾಳಿಯ ಸ್ಟಾಪರನು ಮುಂದೆ ಬಂದು ಹೊಡೆದುಹೋಗುವುದಕ್ಕಿಂತ ಹೆಚ್ಚಿನ ಸಂಕಟ ಈ ಕುಲದವರಿಗೆ ಇನ್ನಾವುದಿದೆ? ಮೂರು ದಿನಗಳ ನಂತರ, ಎಲ್ಲವೂ ಮುಗಿದುಹೋಯಿತೆಂದು ಲೋಕವೇ ಭಾವಿಸಿದ್ದಾಗ, ಅದೇ ತಂಡ ಫತೋರ್ಡಾಕ್ಕೆ ಹೋಗಿ, ಬಾಸ್ತೋಸರ ಒಂದು ಗೋಲಿನಿಂದ ಮುನ್ನಡೆದು, ಆ ಮುನ್ನಡೆಯನ್ನು ಕಡೆಯವರೆಗೂ ಕಾಪಾಡಿಕೊಂಡು 1–0ಯಿಂದ ಗೆದ್ದು ಬಂದಿತು. ಒಟ್ಟು ಲೆಕ್ಕದಲ್ಲಿ 2–5ರ ಸೋಲು. ಆ ಗೆಲುವಿನಿಂದ ಪ್ರಯೋಜನವೇನೂ ಆಗಲಿಲ್ಲ. ಆದರೆ ಪ್ರಯೋಜನವಿಲ್ಲದ ಪಂದ್ಯದಲ್ಲಿ, ಋತುವಿನಲ್ಲಿ ತಮ್ಮನ್ನು ಮೂರು ಬಾರಿ ಮಣಿಸಿದ್ದ ತಂಡಕ್ಕೆ ಅವರದೇ ಅಂಗಳದಲ್ಲಿ ಒಂದು ಗೋಲನ್ನೂ ಬಿಟ್ಟುಕೊಡದೆ ತೊಂಬತ್ತು ನಿಮಿಷ ನಿಂತ ಆ ಹನ್ನೊಂದು ಮಂದಿಯನ್ನು ಕುರಿತು ನನಗೆ ಇಂದಿಗೂ ಗೌರವವಿದೆ. ಆ ಋತುವಿನ 6–1ಕ್ಕಿಂತ ಈ 1–0ಯನ್ನೇ ನಾನು ಕೋಸ್ತರ ಶಿಕ್ಷಣಕ್ಕೆ ಸಾಕ್ಷಿಯಾಗಿ ಮುಂದಿಡುತ್ತೇನೆ.

ಆ ವರ್ಷದ ಅಂತಿಮ ಪಂದ್ಯ ಅಂಧೇರಿಯಲ್ಲಿಯೇ ನಡೆದು, ಬೆಂಗಳೂರು ಎಫ್‌ಸಿ ಗೋವೆಯನ್ನು ಸೋಲಿಸಿ ಕಪ್ಪನ್ನು ಗೆದ್ದದ್ದು ಕನ್ನಡಿಗರಿಗೆ ನೆನಪಿರಬಹುದು. ಹೆಚ್ಚುವರಿ ಸಮಯವೂ ಮುಗಿಯುತ್ತ ಬಂದಾಗ, ಮೂಲೆಯಿಂದ ಬಂದ ಚೆಂಡಿಗೆ ತಲೆಕೊಟ್ಟು ಆ ಏಕೈಕ ಗೋಲನ್ನು ಗಳಿಸಿದ ರಾಹುಲ್ ಭೇಕೆ ಮುಂಬೈಯಲ್ಲಿ ಹುಟ್ಟಿದ ಹುಡುಗ; ಅವರೂ ರಕ್ಷಕರೇ.

ಎರಡನೆಯ ಋತುವಿನ ನಡುವೆ, 2019ರ ನವೆಂಬರಿನಲ್ಲಿ, ಮ್ಯಾಂಚೆಸ್ಟರ್ ಸಿಟಿಯ ಒಡೆತನವುಳ್ಳ ಸಿಟಿ ಫುಟ್‌ಬಾಲ್ ಗ್ರೂಪ್ ಮುಂಬೈ ಕ್ಲಬ್ಬಿನ 65 ಶೇಕಡಾ ಪಾಲನ್ನು ಕೊಂಡುಕೊಂಡಿತು. ಒಡೆಯರು ಬದಲಾದಾಗ ಹಳೆಯ ಗುರುವಿನ ಆಸನ ಅಲುಗಾಡುವುದು ಸಹಜ. ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರನ್ನು ಡಿಸೆಂಬರಿನಲ್ಲಿ 3–2ರಿಂದಲೂ, ಮರುತಿಂಗಳು ಅಂಧೇರಿಯಲ್ಲಿ 2–0ಯಿಂದಲೂ ಸೋಲಿಸಿದ ಮುಂಬೈ, ಕಡೆಯ ನಾಲ್ಕರೊಳಗೆ ಸೇರುವ ಆಸೆಯನ್ನು ಹಿಡಿದುಕೊಂಡೇ 2020ರ ಫೆಬ್ರವರಿ 21ರಂದು ಚೆನ್ನೈಯಿನ್ ತಂಡವನ್ನು ತನ್ನ ಮೈದಾನದಲ್ಲಿ ಎದುರುಗೊಂಡಿತು. ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿರುವಾಗ ಏಕಮಾತ್ರ ಗೋಲು ಬಂತು. ಹೊಡೆದವರು ರೊಮೇನಿಯಾದ ಲೂಸಿಯನ್ ಗೋಯಾನ್, ಹಿಂದಿನ ಋತುವಿನಲ್ಲಿ ಕೋಸ್ತರದೇ ರಕ್ಷಣಾಪಂಕ್ತಿಯ ನಡುವೆ ನಿಂತಿದ್ದವರು. ಮುಂಬೈ ಐದನೆಯ ಸ್ಥಾನಕ್ಕೆ ನಿಂತಿತು. ಮಾರ್ಚ್ ತಿಂಗಳಿನಲ್ಲಿ ಕೋಸ್ತರು ಬೀಳ್ಕೊಂಡರು.

ಊರಿಗೆ ಹಿಂದಿರುಗಿದ ಮೇಲೆಯೂ ಅವರು ಸುಮ್ಮನೆ ಕುಳಿತವರಲ್ಲ. ಎವಿಎಸ್ ಎಂಬ ಹೊಸದಾಗಿ ಕಟ್ಟಿದ ತಂಡವನ್ನು 2024ರಲ್ಲಿ ಅಗ್ರಶ್ರೇಣಿಗೆ ಏರಿಸಿದರು. ಅದೇ ವರ್ಷ ಮಾತೃಸಂಸ್ಥೆಯಾದ ಪೋರ್ಟೊ ಅವರನ್ನು ಫುಟ್‌ಬಾಲ್ ವಿಭಾಗದ ನಿರ್ದೇಶಕರನ್ನಾಗಿ ಮನೆಗೆ ಕರೆಸಿಕೊಂಡಿತು. 2025ರ ಆಗಸ್ಟ್ 5ರಂದು, ಒಲಿವಾಲ್ ಎಂಬಲ್ಲಿರುವ ಪೋರ್ಟೊವಿನ ಅಭ್ಯಾಸ ಕೇಂದ್ರದಲ್ಲಿಯೇ ಹೃದಯಾಘಾತಕ್ಕೊಳಗಾಗಿ ಅವರು ತೀರಿಕೊಂಡಾಗ ಅವರಿಗೆ ವಯಸ್ಸು 53. ಆ ಹೊತ್ತಿಗೆ ತುರ್ಕಿಯ ಫೆನೆರ್ಬಾಚೆ ತಂಡದ ಗುರುವಾಗಿದ್ದ ಮೊರಿನೊ, ಪತ್ರಕರ್ತರ ಮುಂದೆ ತಮ್ಮ ನಾಯಕನನ್ನು ಸ್ಮರಿಸುತ್ತ ಕಣ್ಣೀರನ್ನು ತಡೆಯಲಾರದೆ ಹೋದರು.

ಮುಂಬೈಯ ಕಥೆಗೆ ಒಂದು ಉತ್ತರಭಾಗವಿದೆ. ಕೋಸ್ತರ ಉತ್ತರಾಧಿಕಾರಿಯಾಗಿ ಗೋವೆಯಿಂದ ಬಂದ ಸೆರ್ಜಿಯೊ ಲೊಬೆರಾ 2020–21ರಲ್ಲಿ ಲೀಗಿನ ಶೀಲ್ಡನ್ನೂ ಕಪ್ಪನ್ನೂ ಒಟ್ಟಿಗೆ ಗೆದ್ದುಕೊಟ್ಟರು. ಹೊಸ ಒಡೆಯರ ಧನಬಲವನ್ನೂ ಲೊಬೆರಾರ ಪ್ರತಿಭೆಯನ್ನೂ ಅಲ್ಲಗಳೆಯುವಂತಿಲ್ಲ, ಅಂದು ಕೋಸ್ತರನ್ನು ಕಾಡಿದ ಮುರ್ತಡಾ ಫಾಲರೂ ಈಗ ಮುಂಬೈಯ ಕಡೆಗೇ ಬಂದು ನಿಂತಿದ್ದರು. ಆದರೆ 2021ರ ಮಾರ್ಚ್ 13ರಂದು ಫತೋರ್ಡಾದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ, ಸಮಯ ಮುಗಿಯುವ ಅಂಚಿನಲ್ಲಿ ಗೆಲುವಿನ ಗೋಲನ್ನು ಹೊಡೆದ ಮಣಿಪುರದ ಬಿಪಿನ್ ಸಿಂಗರೂ, ಕಪ್ಪನ್ನೆತ್ತಿದ ನಾಯಕ, ಗೋಲ್‌ಕೀಪರ್ ಅಮರಿಂದರ್ ಸಿಂಗರೂ ಕೋಸ್ತರ ತಂಡದಲ್ಲಿ ಎರಡು ವರ್ಷ ಆಡಿದ್ದವರು.